ಹತ್ತನೇ ತರಗತಿಯ ಅಳತೆ

ಯುದ್ಧ ಬೇಡವೆಂದು ನೀವು ಕೊನೆಯ ಸಲ ಬಾಯಿಬಿಟ್ಟು ಹೇಳಿದ್ದು ಯಾವಾಗ? ಮನಸ್ಸಿನೊಳಗೆ ಹೇಳಿಕೊಂಡದ್ದನ್ನು ಕೇಳುತ್ತಿಲ್ಲ; ಊಟದ ತಟ್ಟೆಯ ಮುಂದೆ ಬಿಟ್ಟ ನಿಟ್ಟುಸಿರನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಲ್ಕು ಜನರ ಎದುರಿಗೆ, ಅವರಲ್ಲೊಬ್ಬ ನಿಮ್ಮ ಅನ್ನಕ್ಕೆ ಕಲ್ಲು ಹಾಕಬಲ್ಲವನಾಗಿದ್ದಾಗ, ಹೇಳಿದ್ದೀರಾ? "ಅದೆಲ್ಲ ದೊಡ್ಡವರ ವಿಚಾರ, ನಮ್ಮಂಥವರ ಕೈಯಲ್ಲಿ ಏನಿದೆ" ಎಂಬ ಮಾತು ಈಗಾಗಲೇ ನಿಮ್ಮ ನಾಲಿಗೆಯ ತುದಿಗೆ ಬಂದಿದ್ದರೆ ಸ್ವಲ್ಪ ತಡೆಯಿರಿ. ಈ ಕಥೆಯ ಹೆಂಗಸಿನ ಕೈಯಲ್ಲಿ ಇದ್ದದ್ದು ಒಂದು ಕತ್ತರಿ ಮತ್ತು ಒಂದು ರಟ್ಟು.

ಅವಳನ್ನು ಎಲ್ಲರೂ ಕತ್ತರಿಯಕ್ಕ ಎಂದು ಕರೆಯುತ್ತಿದ್ದರು. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವುದು ಅವಳ ಕೆಲಸ. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರಪದರವಾಗಿ ಹಾಸಿ, ಮೇಲೆ ರಟ್ಟಿನ ಅಚ್ಚನ್ನಿಟ್ಟು, ಸುತ್ತ ಸೀಮೆಸುಣ್ಣದ ಗೆರೆ ಎಳೆದು, ಆ ಗೆರೆ ತಪ್ಪದಂತೆ ಮೊಳದುದ್ದದ ಕತ್ತರಿಯನ್ನು ನಡೆಸಬೇಕು. ಅಚ್ಚುಗಳೆಲ್ಲ ಅವಳ ಬೆನ್ನ ಹಿಂದಿನ ಗೋಡೆಯಲ್ಲಿ ಸಾಲಾಗಿ ಮೊಳೆಗೆ ತೂಗುತ್ತಿದ್ದವು. ಒಂದೊಂದು ತರಗತಿಗೆ ಒಂದೊಂದು ಮೊಳೆ. ಕಿಟಕಿಯ ಪಕ್ಕದ ಕಡೆಯ ಮೊಳೆ ಹತ್ತನೇ ತರಗತಿಯದು. ಅವಳು ತಿರುಗಿ ನೋಡುತ್ತಲೂ ಇರಲಿಲ್ಲ. ಕೈ ಹಿಂದೆ ಹೋದರೆ ಬೇಕಾದ ಅಚ್ಚು ಕೈಗೆ ಬರುತ್ತಿತ್ತು, ನಿಮ್ಮ ಮನೆಯ ಕತ್ತಲಲ್ಲಿ ದೀಪದ ಗುಂಡಿ ನಿಮ್ಮ ಬೆರಳಿಗೆ ಸಿಗುವಂತೆ.

ಯುದ್ಧ ಶುರುವಾದ ಮೇಲೆ ಶಾಲೆಗಳ ಬಟ್ಟೆ ನಿಂತಿತು, ಸೈನ್ಯದ ಬಟ್ಟೆ ಬಂತು. ಸೈನ್ಯದವರು ಎರಡೇ ಅಚ್ಚು ಕೊಟ್ಟರು: ದೊಡ್ಡದು, ಮಧ್ಯಮ. ಅವನ್ನು ಅದೇ ಗೋಡೆಗೆ ತೂಗುಹಾಕಲಾಯಿತು. ಯುದ್ಧ ಇನ್ನೇನು ಮುಗಿದೇ ಹೋಯಿತೆಂದು ರೇಡಿಯೋ ದಿನವೂ ಹೇಳುತ್ತಿದ್ದುದರಿಂದ ಹಳೆಯ ಅಚ್ಚುಗಳನ್ನು ಯಾರೂ ತೆಗೆಯಲಿಲ್ಲ. ಯುದ್ಧ ಮುಗಿಯಲಿಲ್ಲ. ಕಿಟಕಿಗಳಿಗೆ ಕಬ್ಬಿಣದ ಜಾಲರಿ ಬಂತು, ಕೆಲಸದ ಹೊತ್ತಿನಲ್ಲಿ ಬಾಗಿಲಿಗೆ ಹೊರಗಿನಿಂದ ಬೀಗ ಬಂತು, ಗೇಟಿನಲ್ಲಿ ಕಾವಲುಗಾರ ಬಂದ. ಇದರ ಜೊತೆಗೆ ಒಂದು ಸವಲತ್ತೂ ಬಂತು: ಕಾರ್ಖಾನೆಯ ಗುರುತಿನ ಚೀಟಿ ಇದ್ದವರನ್ನು ಸೈನ್ಯಕ್ಕೆ ಕರೆಯುವಂತಿಲ್ಲ. ಬೋನಿನೊಳಗೆ ಇಟ್ಟ ಕೊಬ್ಬರಿ ಚೂರನ್ನೂ ಇಲಿ ಸವಲತ್ತು ಎಂದೇ ತಿಳಿಯುತ್ತದೆ.

ಗುಂಡಿ ತೂರಿಸುವ ಕಾಜಾ ಹೊಲಿಯುವ ಯಂತ್ರದ ಮುಂದೆ ಕೂರುತ್ತಿದ್ದವಳು ಕತ್ತರಿಯಕ್ಕನ ಜೀವದ ಗೆಳತಿ. ಅವಳು ಎಲ್ಲರ ಬಾಯಲ್ಲಿ ಕಾಜಕ್ಕ. ಇಬ್ಬರಿಗೂ ಒಬ್ಬೊಬ್ಬನೇ ಮಗ. ಇಬ್ಬರೂ ಹುಡುಗರು ಒಂದೇ ಬೆಂಚಿನಲ್ಲಿ ಕೂತು ಹತ್ತನೇ ತರಗತಿ ಓದುತ್ತಿದ್ದರು. ಕತ್ತರಿಯಕ್ಕನ ಮಗ ಸಣಕಲ, ಅವನು ಕಡ್ಡಿ. ಕಾಜಕ್ಕನ ಮಗ ನಿಂತಲ್ಲಿ ನಿಲ್ಲದವನು, ಅವನು ಬುಗುರಿ.

"ದೇಶ ನಿಂತಿರೋದೇ ನನ್ನ ಮೇಲೆ ಕಣೇ ಕತ್ತರಿ," ಎಂದು ಕಾಜಕ್ಕ ಯಂತ್ರದ ಸದ್ದಿನ ಮೇಲೆ ಕೂಗುತ್ತಿದ್ದಳು. "ನಾನು ಕಾಜಾ ಹಾಕ್ದೇ ಇದ್ರೆ ಇಡೀ ಸೈನ್ಯದ ಪ್ಯಾಂಟು ಕೆಳಗೆ!"

ಹಾಗೆ ನಗುತ್ತಲೇ ಆ ತಪ್ಪು ನಡೆದುಹೋಯಿತು. ಶಾಲೆಗಳು ತೆರೆಯುವ ಮುಂಚಿನ ತಿಂಗಳದು. ಪ್ರತಿವರ್ಷ ಆ ತಿಂಗಳಲ್ಲಿ ಅವಳು ಮೊದಲು ಕತ್ತರಿಸುತ್ತಿದ್ದದ್ದು ಹತ್ತನೇ ತರಗತಿಯ ಪ್ಯಾಂಟುಗಳನ್ನು. ಗೆಳತಿಯ ಮಾತಿಗೆ ಮರುಮಾತು ಹುಡುಕುತ್ತಿದ್ದಾಗ ಅವಳ ಕೈ ತನ್ನಷ್ಟಕ್ಕೆ ಹಿಂದೆ ಹೋಗಿ, ಹಳೆಯ ರೂಢಿಯಂತೆ ಕಡೆಯ ಮೊಳೆಯ ಅಚ್ಚನ್ನು ತಂದು, ಸೈನ್ಯದ ಹಸಿರು ಬಟ್ಟೆಯ ಮೇಲಿಟ್ಟಿತು. ಕತ್ತರಿ ನಡೆಯಿತು. ಬಟ್ಟೆ ಹೊಲಿಗೆಯವರ ಕೈ ದಾಟಿ ಕಾಜಕ್ಕನ ಬಳಿ ಬಂದಾಗಲೇ ಗೊತ್ತಾದದ್ದು.

ಕಾಜಕ್ಕ ಒಂದು ಪ್ಯಾಂಟನ್ನು ಎತ್ತಿ ಹಿಡಿದು, ಹುಬ್ಬು ಗಂಟಿಕ್ಕಿ, ಮೇಜಿನ ಬಳಿ ಬಂದಳು. "ಇದೇನೇ ಇದು? ಸೊಂಟ ನಮ್ಮ ಬುಗುರಿದಷ್ಟಿದೆ?"

ಕತ್ತರಿಯಕ್ಕ ಗೋಡೆಯತ್ತ ತಿರುಗಿದಳು. ಕಡೆಯ ಮೊಳೆ ಬರಿದಾಗಿತ್ತು. ಸೈನ್ಯದ ಬಟ್ಟೆ ಹಾಳುಮಾಡಿದವರಿಗೆ ಜೈಲೆಂದು ಬಾಗಿಲ ಮೇಲೆಯೇ ಬರೆದು ಅಂಟಿಸಿದ್ದರು. ಅವಳು ಆ ಬರಹವನ್ನೇ ನೋಡಿದಳು.

"ಮುಖ ಯಾಕೆ ಹಾಗೆ ಮಾಡ್ತೀಯ? ಸುಮ್ನಿರು," ಎಂದಳು ಕಾಜಕ್ಕ, ದನಿ ತಗ್ಗಿಸಿ. "ಕಟ್ಟಿನ ನಡುವೆ ತುರುಕಿಬಿಡ್ತೀನಿ. ಮೇಲೆ ಕೆಳಗೆ ದೊಡ್ಡದು. ಅಲ್ಲಿಗೆ ಹೋದ್ಮೇಲೆ ಯಾರು ಕತ್ತರಿಸಿದ್ದು ಅಂತ ಯಾವ ಬ್ರಹ್ಮನಿಗೆ ಗೊತ್ತಾಗತ್ತೆ?"

ಆ ದಿನದಿಂದ ಕತ್ತರಿಯಕ್ಕ ಗೇಟಿನ ಸದ್ದಾದಾಗಲೆಲ್ಲ ಬೆಚ್ಚುತ್ತಿದ್ದಳು. ವಾಪಸು ಬರುತ್ತದೆ, ಇವತ್ತಲ್ಲದಿದ್ದರೆ ನಾಳೆ ಬಂದೇ ಬರುತ್ತದೆ. ಅಷ್ಟು ಗಿಡ್ಡ ಪ್ಯಾಂಟನ್ನು ಯಾವ ಸೈನಿಕ ತೊಟ್ಟಾನು?

ಬಂದದ್ದು ಬಟ್ಟೆಯಲ್ಲ, ಕಾರ್ಖಾನೆಯ ಯಜಮಾನರ ಕರೆ.

ಯಜಮಾನರು ತಮ್ಮ ಕೋಣೆಯಲ್ಲಿ ಕೆಲಸದವರನ್ನು ಯಾವತ್ತೂ ಕೂರಿಸಿದವರಲ್ಲ. ಅಂದು, "ಕೂತ್ಕೊಳಮ್ಮ," ಎಂದರು. ಅವಳಿಗೆ ಇನ್ನೂ ಹೆದರಿಕೆಯಾಯಿತು.

"ಯಜಮಾನ್ರೇ, ತಪ್ಪಾಯ್ತು. ಬೇಕು ಅಂತ..."

"ತಪ್ಪಾ? ಹೊಗಳಿ ಫೋನ್ ಮಾಡಿದಾರೆ ಕಣಮ್ಮ! ಹೋದ ಸಲದ ಸಣ್ಣ ಅಳತೆ ಬಹಳ ಚೆನ್ನಾಗಿ ಕೂತಿದೆಯಂತೆ. ಇನ್ಮೇಲೆ ಅದೇ ಜಾಸ್ತಿ ಬೇಕಂತೆ." ಅವರು ಚಹಾದ ಲೋಟವನ್ನು ಎತ್ತಿದರು, ಕುಡಿಯಲಿಲ್ಲ. "ನಾವು ಸಣ್ಣ ಅಳತೆ ಮಾಡೋದೇ ಇಲ್ವಲ್ಲ. ಎಲ್ಲಿಂದ ಬಂತು ಅದು?"

"ಅದು... ಹತ್ತನೇ ಕ್ಲಾಸಿನ ಅಚ್ಚು. ಕೈತಪ್ಪಿ ಇಟ್ಬಿಟ್ಟೆ."

ಲೋಟ ಹಾಗೆಯೇ ನಿಂತಿತು. ಹದಿನೆಂಟು ತುಂಬದವರನ್ನು ಸೈನ್ಯಕ್ಕೆ ಸೇರಿಸುತ್ತಿಲ್ಲವೆಂದು ಅಂದು ಬೆಳಗ್ಗೆಯೂ ರೇಡಿಯೋ ಹೇಳಿತ್ತು. ಇಬ್ಬರೂ ಕೇಳಿದ್ದರು. ಗೋಡೆಯಾಚೆ ಹೊಲಿಗೆ ಯಂತ್ರಗಳು ಗುಂಯ್‌ಗುಡುತ್ತಿದ್ದವು. ಯಜಮಾನರು ಕೆಟ್ಟವರಲ್ಲ, ಯಾರ ಮನೆಯಲ್ಲಿ ಕಾಯಿಲೆಯಾದರೂ ರಜೆ ಕೊಡುತ್ತಿದ್ದವರು. ಆದರೆ ಲೋಕದ ಬಹುಪಾಲು ಕೇಡು ಸಾಗುತ್ತಿರುವುದು ಕೆಟ್ಟವರಲ್ಲದವರ ಹೆಗಲ ಮೇಲೆಯೇ ಅಲ್ಲವೆ?

"ಅಚ್ಚಿನ ಮೇಲೆ ಏನಂತ ಬರೆದಿದೆ?" ಎಂದು ಕೇಳಿದರು ಕೊನೆಗೆ.

"ಹತ್ತನೇ ತರಗತಿ ಅಂತ."

"ಅದನ್ನ ಕೆರೆದ್ಹಾಕು. 'ಸಣ್ಣ' ಅಂತ ಬರಿ. ಅದು ಯಾವತ್ತೂ ಸಣ್ಣದೇ ಆಗಿತ್ತು, ತಿಳೀತಾ?" ಅವಳು ಏಳುವಷ್ಟರಲ್ಲಿ ಅವರು ಮತ್ತೆ ಕೇಳಿದರು: "ನಿನ್ನ ಮಗನಿಗೆ ಎಷ್ಟು ವಯಸ್ಸು?"

"ಹದಿನಾರು."

"ನಾಳೆಯಿಂದ ಇಸ್ತ್ರಿ ಕೆಲಸಕ್ಕೆ ಕಳಿಸು. ಚೀಟಿ ನಾನು ಮಾಡಿಸ್ತೀನಿ. ಚೀಟಿ ಇರೋವರೆಗೂ ಅವನನ್ನ ಯಾರೂ ಮುಟ್ಟಲ್ಲ."

ಇರೋವರೆಗೂ. ಆ ಒಂದು ಪದ ಅವಳ ಕೊರಳಿಗೆ ಅಳತೆಯ ಟೇಪಿನಂತೆ ಸುತ್ತಿಕೊಂಡಿತು. ಅವಳು ಮೇಜಿಗೆ ಹಿಂತಿರುಗಿ ಬ್ಲೇಡಿನಿಂದ ರಟ್ಟನ್ನು ಕೆರೆದಳು. ಮಸಿ ರಟ್ಟಿನೊಳಕ್ಕೆ ಇಳಿದುಹೋಗಿತ್ತು. ಎಷ್ಟು ಕೆರೆದರೂ ಅಕ್ಷರಗಳ ನೆರಳು ಉಳಿಯಿತು. ಅದರ ಮೇಲೆಯೇ ದಪ್ಪಗೆ 'ಸಣ್ಣ' ಎಂದು ಬರೆದಳು. ಆಮೇಲೆ ಹಸಿರು ಬಟ್ಟೆ ಹಾಸಿ, ಅಚ್ಚನ್ನಿಟ್ಟು, ಈ ಬಾರಿ ಕಣ್ಣು ತೆರೆದುಕೊಂಡೇ ಕತ್ತರಿಸಿದಳು. ಮೊದಲನೆಯದು ಕೈತಪ್ಪು. ಎರಡನೆಯದಕ್ಕೆ ಏನೆಂದು ಹೆಸರಿಡಬೇಕೋ ಅವಳಿಗೆ ಗೊತ್ತಿತ್ತು.

ಮಗ ಇಸ್ತ್ರಿಯ ಕೆಲಸಕ್ಕೆ ಬಂದ. ಚೀಟಿಯನ್ನು ಕೊರಳಿಗೆ ಹಾಕಿಕೊಂಡ. ಬೀದಿಯಲ್ಲಿ ಚೆಂಡಾಡುವ ಸದ್ದು ದಿನೇದಿನೇ ಕಡಿಮೆಯಾಯಿತು. ಹುಡುಗರು "ತರಬೇತಿಗೆ" ಹೋಗಿದ್ದಾರೆ ಎನ್ನುತ್ತಿದ್ದರು ಮನೆಯವರು, ನೆಲ ನೋಡುತ್ತ. ಯಾವ ಮನೆಯವರೂ ಪಕ್ಕದ ಮನೆಯವರನ್ನು ಮುಂದಕ್ಕೆ ಕೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರೂ ಹೇಳದೆ ಇದ್ದುದರಿಂದ ಅದು ಯಾರಿಗೂ ಗೊತ್ತಿಲ್ಲದ ವಿಷಯವಾಗಿಯೇ ಉಳಿಯಿತು. ಸಜ್ಜನರ ಮೌನಕ್ಕೆ ಇರುವ ಶಕ್ತಿ ಅಂಥದು.

ಕತ್ತರಿಯಕ್ಕನ ಗಂಡ ಸರ್ಕಾರಿ ಬಸ್ಸಿನ ಡ್ರೈವರು. ಒಂದು ಸಂಜೆ ಅವಳು ಎಲ್ಲವನ್ನೂ ಅವನ ಮುಂದೆ ತೋಡಿಕೊಂಡಳು.

"ಗೋಡೆಗೂ ಕಿವಿ ಇರತ್ತೆ, ಮೆಲ್ಲಗೆ," ಎಂದ ಅವನು. ಮನೆಯೆಂದರೆ ಎರಡು ಕೋಣೆ. ಹೊರಗೆ ಬೆಳಕು ಕಾಣಬಾರದೆಂಬ ಆಜ್ಞೆಯಂತೆ ಎರಡರ ಕಿಟಕಿಗೂ ರಟ್ಟು ಅಡ್ಡವಿಟ್ಟಿದ್ದರು, ಗಾಳಿಯೂ ಆಡುತ್ತಿರಲಿಲ್ಲ. "ನಮ್ಮ ಹುಡುಗ ಕಣ್ಮುಂದೆ ಇದಾನಲ್ಲ? ಅಷ್ಟು ಸಾಕು. ಊರ ಉಸಾಬರಿ ನಮಗ್ಯಾಕೆ?"

"ಊರ ಮಕ್ಕಳಿಗೆ ಪ್ಯಾಂಟು ಕತ್ತರಿಸ್ತಿರೋಳು ನಾನಲ್ವೇನ್ರೀ?"

"ನೀನು ಬಿಟ್ರೆ ಇನ್ನೊಬ್ಬಳು ಕತ್ತರಿಸ್ತಾಳೆ."

"ಅವಳೂ ಬಿಟ್ರೆ?"

"ಬಿಡಲ್ಲ ಬಿಡು. ನೀನು ಅವಳನ್ನ ನೋಡ್ತೀಯ, ಅವಳು ನಿನ್ನನ್ನ ನೋಡ್ತಾಳೆ," ಎಂದು ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು.

ಆ ವಾರವೇ ಬುಗುರಿಯ ಸರದಿ ಬಂತು. ಶಾಲೆಯ ತರಗತಿಯಿಂದಲೇ ಕರೆದುಕೊಂಡು ಹೋದರು. ಮೂರನೆಯ ದಿನ ಬೆಳಗ್ಗೆ ಬಸ್ ನಿಲ್ದಾಣದ ಮೈದಾನದಲ್ಲಿ ಬೀಳ್ಕೊಡುಗೆ, ಅಲ್ಲಿಂದ ಗಡಿಗೆ. ನಡುವಿನ ದಿನ ಕಾಜಕ್ಕ ಎಂದಿನಂತೆ ಕೆಲಸಕ್ಕೆ ಬಂದಳು. ಬರದಿದ್ದರೆ ಅವಳ ಚೀಟಿಯೂ ಹೋಗುತ್ತಿತ್ತು. ಯಂತ್ರವನ್ನು ಜೋರಾಗಿ ಓಡಲು ಬಿಟ್ಟು, ಅದರ ಸದ್ದಿನ ಮರೆಯಲ್ಲಿ ಕತ್ತರಿಯಕ್ಕನ ಪಕ್ಕ ಬಂದು ನಿಂತಳು. ಅವಳ ಬಾಯಲ್ಲಿ ಅಂದು ತಮಾಷೆ ಇರಲಿಲ್ಲ.

"ಒಂದು ಮಾತು ಹೇಳೇ ಕತ್ತರಿ, ಎಲ್ಲರ ಮುಂದೆ. ಅದು ಎಷ್ಟನೇ ಕ್ಲಾಸಿನ ಅಳತೆ ಅಂತ ಅಷ್ಟೇ ಹೇಳು."

"ನೀನೇ ಹೇಳ್ಬಹುದಲ್ಲೇ?"

"ನಾನು ಹೇಳಿದ್ರೆ 'ಪಾಪ, ಹೆತ್ತ ಕರುಳು' ಅಂತಾರೆ. ಬೆನ್ನು ಸವರಿ ಮನೆಗೆ ಕಳಿಸ್ತಾರೆ. ನಿನ್ನ ಮಗ ಇಲ್ಲೇ ಇದಾನೆ. ಮಗನನ್ನ ಕಳ್ಕೊಳ್ದೇ ಇರೋಳೂ ಹೇಳ್ತಿದಾಳೆ ಅಂದ್ರೆ ನಂಬ್ತಾರೆ."

"ಹೇಳಿದ ಮೇಲೆ ಅವನ ಚೀಟಿ?"

ಕಾಜಕ್ಕ ಇಸ್ತ್ರಿ ಮೇಜಿನ ಕಡೆ ನೋಡಿದಳು. "ಗೊತ್ತು ಕಣೇ," ಎಂದಳು. "ಕೇಳಬಾರದಾಗಿತ್ತು, ಕೇಳಿದೆ." ಹೋಗುತ್ತ ಒಂದು ಸಲ ತಿರುಗಿದಳು: "ಅವತ್ತು ಆ ಪ್ಯಾಂಟುಗಳನ್ನ ಕಟ್ಟಿನ ನಡುವೆ ತುರುಕಿದ್ನಲ್ಲ, ನಿನ್ನ ಉಳಿಸೋಕೆ ಅಂತ. ಮೇಲ್ಗಡೆನೇ ಇಟ್ಟು ಇಲ್ಲೇ ಸಿಕ್ಕಿಬಿದ್ದಿದ್ರೆ ಚೆನ್ನಾಗಿತ್ತು."

ಮೇಜಿನ ಈ ಬದಿಗೆ ಗೋಡೆ, ಆ ಬದಿಗೆ ಜಾಲರಿ, ಬಾಗಿಲಿಗೆ ಬೀಗ. ಕತ್ತರಿಯಕ್ಕ ಕತ್ತರಿಯನ್ನು ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು. ಮಾತಾಡಿದರೆ ತನ್ನ ಮಗ, ಆಡದಿದ್ದರೆ ಗೆಳತಿಯ ಮಗ. ಇತ್ತ ದರಿ, ಅತ್ತ ಪುಲಿ. ಈ ಇಕ್ಕಟ್ಟನ್ನು ಯಾರೋ ಬೇಕೆಂದೇ ಅಳತೆ ತೆಗೆದು ಅವಳಿಗಾಗಿ ಕತ್ತರಿಸಿದ್ದರು, ಎಲ್ಲಿಯೂ ಸಡಿಲವಿರಲಿಲ್ಲ.

ಅಂದು ಸಂಜೆ ಊಟಕ್ಕೆ ಕೂತಾಗ ಗಂಡ ತಟ್ಟೆಯಿಂದ ತಲೆಯೆತ್ತದೆ ಹೇಳಿದ: "ನಾಳೆ ಆ ಬಸ್ಸು ನನಗೇ ಕೊಟ್ಟಿದಾರೆ."

"ಯಾವ ಬಸ್ಸು?"

"ಹುಡುಗರದು."

"ಆಗಲ್ಲ ಅನ್ನಿ!"

"ಆಗಲ್ಲ ಅಂದ್ರೆ ಬಸ್ಸು ನಿಲ್ಲತ್ತಾ? ನಾನು ಬರೀ ಸ್ಟೀರಿಂಗ್ ಹಿಡಿಯೋನು ಕಣೇ."

"ನಾನು ಬರೀ ಕತ್ತರಿ ಹಿಡಿಯೋಳು," ಎಂದಳು ಅವಳು.

ಕಡ್ಡಿ ಇಬ್ಬರನ್ನೂ ನೋಡಿದ. "ಅಮ್ಮಾ, ಇವತ್ತು ಇಸ್ತ್ರಿ ಮಾಡಿದ್ಮೇಲೆ ಒಂದು ಪ್ಯಾಂಟು ಹಾಕ್ಕೊಂಡು ನೋಡಿದೆ."

"ಯಾಕೋ?"

"ಸುಮ್ನೆ." ಅವನು ಅನ್ನವನ್ನು ಕಲಸುತ್ತಲೇ ಇದ್ದ. "ಸರಿಯಾಗಿ ಕೂತಿತು. ಬುಗುರಿ ನನಗಿಂತ ಒಂದು ಬೆರಳು ಗಿಡ್ಡ ಅಲ್ವಾ? ಅವನಿಗೆ ಸ್ವಲ್ಪ ಉದ್ದ ಆಗಬಹುದು."

ಸ್ಟೀರಿಂಗ್ ಹಿಡಿಯುವವನು, ಕತ್ತರಿ ಹಿಡಿಯುವವಳು, ಇಸ್ತ್ರಿ ಪೆಟ್ಟಿಗೆ ಹಿಡಿಯುವವನು. ಆ ಮನೆಯಲ್ಲಿ ಯುದ್ಧ ಮಾಡುತ್ತಿದ್ದವರು ಒಬ್ಬರೂ ಇರಲಿಲ್ಲ. ಯುದ್ಧ ಮಾತ್ರ ನಡೆದೇ ಇತ್ತು.

ಮರುದಿನ ಕಾರ್ಖಾನೆಯವರೆಲ್ಲ ಬೆಳಗ್ಗೆ ಹಾಜರಿ ಹಾಕಿ, ಅಲ್ಲಿಂದ ಬೀಳ್ಕೊಡುಗೆಗೆ ಹೋಗಬೇಕೆಂದು ಯಜಮಾನರ ಅಪ್ಪಣೆ. ಕತ್ತರಿಯಕ್ಕ ಕಡೆಯ ಮೊಳೆಯಿಂದ ಅಚ್ಚನ್ನು ತೆಗೆದು, ಬಚ್ಚಿಡದೆ, ಕಂಕುಳಲ್ಲಿ ಇಟ್ಟುಕೊಂಡು ಗೇಟಿನತ್ತ ನಡೆದಳು.

"ಏನಕ್ಕ, ರಟ್ಟು ಎಲ್ಲಿಗೆ ಹೊರಟಿತು?" ಎಂದ ಕಾವಲುಗಾರ.

"ಕಿಟಕಿಗೆ. ಹಳೇದು ಹರಿದು ಬೆಳಕು ಹೊರಗೆ ಕಾಣ್ತಿದೆ."

"ಹೂಂ, ಮುಚ್ಚು ಮುಚ್ಚು. ನಿನ್ನ ಮನೆ ದೀಪ ನೋಡಿ ಶತ್ರು ಊಟಕ್ಕೆ ಬಂದ್ಬಿಟ್ಟಾನು!" ಅವನು ನಗುತ್ತ ಗೇಟು ತೆರೆದ. ರಟ್ಟು ಕಿಟಕಿ ಮುಚ್ಚುವುದಕ್ಕೆಂದೇ ಇರುವ ವಸ್ತುವೆಂದು ಅವನಿಗೂ ಅಭ್ಯಾಸವಾಗಿಬಿಟ್ಟಿತ್ತು.

ಮೈದಾನದಲ್ಲಿ ಜನ ಕಿಕ್ಕಿರಿದಿದ್ದರು. ವೇದಿಕೆಯ ಮೇಲೆ ಸೈನ್ಯದ ಅಧಿಕಾರಿ; ಪಕ್ಕದ ಕುರ್ಚಿಯಲ್ಲಿ ಯಜಮಾನರು. ಜನರಿಗೂ ಹುಡುಗರ ಸಾಲಿಗೂ ನಡುವೆ ಒಂದು ಹಗ್ಗ ಕಟ್ಟಿದ್ದರು. ಹೊಸ ಹಸಿರು ಬಟ್ಟೆ ತೊಟ್ಟ ಹುಡುಗರ ಹಿಂದೆ ಬಸ್ಸು ಗುರುಗುಟ್ಟುತ್ತ ನಿಂತಿತ್ತು. ಸ್ಟೀರಿಂಗಿನ ಮುಂದೆ ಅವಳ ಗಂಡ, ಕಣ್ಣು ಕನ್ನಡಿಯಲ್ಲಿ ನೆಟ್ಟುಕೊಂಡು. ಸಾಲಿನ ನಡುವೆ ಬುಗುರಿ. ಅಂದು ಅವನು ಅಲುಗದೆ ನಿಂತಿದ್ದ.

"ಇವರೆಲ್ಲ ಪ್ರಾಯಕ್ಕೆ ಬಂದ ಗಂಡುಗಲಿಗಳು!" ಎಂದು ಧ್ವನಿವರ್ಧಕ ಗುಡುಗಿತು. "ತಾವಾಗಿಯೇ ಮುಂದೆ ಬಂದವರು!"

ಜನ ಚಪ್ಪಾಳೆ ತಟ್ಟಿದರು. ಕಾಜಕ್ಕನ ಕೈಗಳೂ ತಾವಾಗಿಯೇ ಒಂದಕ್ಕೊಂದು ಬಡಿದುಕೊಂಡವು. ಕತ್ತರಿಯಕ್ಕ ಅದನ್ನು ನೋಡಿದಳು. ತನ್ನ ಬಲಗಡೆ, ಕೊರಳಲ್ಲಿ ಚೀಟಿ ಹಾಕಿಕೊಂಡು ನಿಂತಿದ್ದ ಮಗನನ್ನು ನೋಡಿದಳು. ಅವನೂ ಅವಳನ್ನು ನೋಡಿದ. ಆಮೇಲೆ ಅವಳು ಹಗ್ಗ ದಾಟಿದಳು.

ನೇರವಾಗಿ ಬುಗುರಿಯ ಬಳಿ ಹೋಗಿ ಅವನ ಮುಂದೆ ಮಂಡಿಯೂರಿದಳು. "ಕಾಲು ನೆಟ್ಟಗೆ ನಿಲ್ಸೋ," ಎಂದಳು, ವರ್ಷವರ್ಷವೂ ಶಾಲೆಯ ಬಟ್ಟೆಗೆ ಅಳತೆ ತೆಗೆಯುವಾಗ ಹೇಳುತ್ತಿದ್ದಂತೆಯೇ. ಹುಡುಗ ರೂಢಿಯಂತೆ ಕಾಲು ಜೋಡಿಸಿದ. ಅವಳು ಅಚ್ಚನ್ನು ಅವನ ಕಾಲಿಗೆ ಇಟ್ಟು ಹಿಡಿದಳು. ಸೊಂಟದ ಪಟ್ಟಿಯಿಂದ ಕಾಲಿನ ಮಡಿಕೆಯವರೆಗೆ ರಟ್ಟಿನ ಅಂಚೂ ಬಟ್ಟೆಯ ಅಂಚೂ ಒಂದೇ ಗೆರೆಯಾದವು.

"ಇದು ಹತ್ತನೇ ತರಗತಿಯ ಅಚ್ಚು!" ಅವಳು ಎದ್ದು ನಿಂತು ಅದನ್ನು ಮೇಲೆತ್ತಿ ಹಿಡಿದಳು. "ಕೆರೆದಿದೀನಿ, ಆದ್ರೂ ಅಕ್ಷರ ಕಾಣತ್ತೆ, ಬಂದು ನೋಡಿ! ನಾನೇ ಕತ್ತರಿಸಿದ್ದು. ಇವರು ಗಂಡಸರಲ್ಲ, ಶಾಲೆ ಮಕ್ಕಳು!"

ಬಸ್ಸಿನ ಗುರುಗುಟ್ಟುವಿಕೆಯಲ್ಲಿ ಮಾತು ಅರ್ಧ ಮುಳುಗಿತು. ಮರುಕ್ಷಣ ಆ ಸದ್ದು ನಿಂತಿತು. ಅವಳ ಗಂಡ ಕೀಲಿಯನ್ನು ತಿರುಗಿಸಿ, ಹೊರಗೆ ತೆಗೆದು, ಮುಷ್ಟಿಯಲ್ಲಿ ಬಿಗಿಹಿಡಿದು ಕೂತಿದ್ದ. ಮೈದಾನವೆಲ್ಲ ನಿಶ್ಶಬ್ದವಾಯಿತು. ಇನ್ನು ಅವಳು ಕೂಗಬೇಕಾಗಿರಲಿಲ್ಲ.

"ದೊಡ್ಡ ಅಳತೆ ಕತ್ತರಿಸುವಾಗಲೇ ನಾನು ಬಾಯಿ ಬಿಡ್ಬೇಕಿತ್ತು," ಎಂದಳು. "ಅದರೊಳಗೆ ಹೋದೋರೂ ಯಾರದೋ ಮಕ್ಕಳೇ. ಈಗ ಅಳತೆ ಇಲ್ಲಿಗೆ ಬಂದಿದೆ. ಗೋಡೆ ಮೇಲೆ ಇನ್ನೂ ಸಣ್ಣ ಅಚ್ಚುಗಳಿವೆ ಕಣ್ರೀ. ಒಂಬತ್ತರದು, ಎಂಟರದು. ಸಾಕು. ಯುದ್ಧ ನಿಲ್ಲಿಸಿ ಅನ್ನಿ."

ಗುಂಪಿನ ನಡುವಿನಿಂದ ಯಾರೋ ಕೂಗಿದರು: "ನಿನಗೇನಮ್ಮ, ನಿನ್ನ ಮಗ ಕಾರ್ಖಾನೇಲಿ ಬೆಚ್ಚಗಿದಾನೆ!"

"ಇಷ್ಟೊತ್ತು ಇದ್ದ," ಎಂದಳು ಅವಳು. ವೇದಿಕೆಯ ಮೇಲೆ ಯಜಮಾನರು ತಲೆ ತಗ್ಗಿಸಿದರು. "ಈಗಿನಿಂದ ಅವನಿಗೂ ಚೀಟಿ ಇಲ್ಲ."

ಇಬ್ಬರು ಸೈನಿಕರು ವೇದಿಕೆಯಿಂದ ಧುಮುಕಿದರು. ಕಾಜಕ್ಕ ಹಗ್ಗ ದಾಟಿ ಓಡಿಬಂದು ರಟ್ಟಿನ ಇನ್ನೊಂದು ತುದಿಯನ್ನು ಹಿಡಿದುಕೊಂಡಳು. ಅವಳ ಹಿಂದೆ ಕಡ್ಡಿ. ಅಷ್ಟೇ. ಬೇರೆ ಯಾರೂ ಅಲುಗಲಿಲ್ಲ. ಎಲ್ಲರೂ ತಂತಮ್ಮ ಕಾಲಿನ ಹೆಬ್ಬೆರಳನ್ನು ನೋಡುತ್ತಿದ್ದರು. ಪ್ರತಿಯೊಬ್ಬರೂ ಪಕ್ಕದವರು ಮೊದಲು ಹೆಜ್ಜೆ ಇಡಲೆಂದು ಕಾಯುತ್ತಿದ್ದರು. ಸೈನಿಕರು ಸಾಲಿನ ತುದಿಯನ್ನು ದಾಟಿ ಅವಳತ್ತ ಬರುತ್ತಿದ್ದರು.

ಮುಂದೇನಾಯಿತೆಂದು ನನ್ನನ್ನು ಕೇಳಬೇಡಿ. ಆ ಗುಂಪಿನಲ್ಲಿ ನೀವೂ ಇದ್ದೀರಿ. ತಟ್ಟಿದ ಚಪ್ಪಾಳೆಯ ಬಿಸಿ ಇನ್ನೂ ನಿಮ್ಮ ಅಂಗೈಯಲ್ಲಿದೆ. ಅವಳಿಗಿಂತ ಹೆಚ್ಚು ಓದಿದವರು ನೀವು, ನಾಲ್ಕು ಜನ ಗುರುತಿಸುವವರು, ಸದ್ಯಕ್ಕೆ ಮಕ್ಕಳು ಕಣ್ಣೆದುರಿಗೇ ಇರುವವರು. ನಿಮ್ಮನ್ನು ತಡೆದು ನಿಲ್ಲಿಸಿರುವುದೇನೆಂದು ಒಂದು ಸಲ ಬಗ್ಗಿ ನೋಡಿ. ಅದು ಬರೀ ಹಗ್ಗ, ಮೊಣಕಾಲಿಗಿಂತ ಎತ್ತರವಿಲ್ಲ. ದಯವಿಟ್ಟು ದಾಟಿ. ಅವಳ ಪಕ್ಕಕ್ಕೆ ಹೋಗಿ ನಿಂತು, ಅವಳು ಹೇಳಿದ ಮಾತನ್ನೇ ನಿಮ್ಮ ಬಾಯಿಂದ, ಗಟ್ಟಿಯಾಗಿ, ಇನ್ನೊಂದು ಸಲ ಹೇಳಿ.